ಸಾಂಬ್ರಾದ ಆಕಾಶದಲ್ಲಿ ಏಳು ನಿಮಿಷ

ಒಂದು ನಕಾಶೆ ಬಿಚ್ಚಿ. ಬೆಳಗಾವಿಯ ಪೂರ್ವಕ್ಕೆ ಸಾಂಬ್ರಾ ಎಲ್ಲಿದೆ ಹುಡುಕಿ, ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಪಣಜಿಯ ಮಗ್ಗುಲಲ್ಲಿ ಬಾಂಬೋಲಿಂ ಇದೆ, ಅಲ್ಲಿಯೂ ಒಂದು ಚುಕ್ಕೆ ಇಡಿ. ಈಗ ಎರಡನ್ನೂ ಗೆರೆಯಿಂದ ಸೇರಿಸಿ. ಖಾನಾಪುರದ ಕಾಡನ್ನು ಸೀಳಿ, ಮಹದಾಯಿ ಕಣಿವೆಯನ್ನು ದಾಟಿ, ಘಟ್ಟದ ಅಂಚಿನಿಂದ ಧುಮುಕಿ ಆ ಗೆರೆ ಗೋವಾದ ಮುರಕಲ್ಲಿನ ಬಯಲಿಗೆ ಇಳಿಯುತ್ತದೆ. ಉದ್ದ ಸುಮಾರು 90 ಕಿ.ಮೀ. ಚೋರ್ಲಾ ಘಾಟಿನ ತಿರುವುಗಳಲ್ಲಿ ಲಾರಿಗಳ ಬೆನ್ನು ಹತ್ತಿ ಹೋಗುವವರಿಗೆ ಅದು ಮೂರು ತಾಸಿನ ದಾರಿ. 1961ರ ಡಿಸೆಂಬರ್ 18, ಸೋಮವಾರ ಬೆಳಗ್ಗೆ ಆರು ಜೆಟ್ ವಿಮಾನಗಳಿಗೆ ಅದು ಹೆಚ್ಚೆಂದರೆ ಏಳು ನಿಮಿಷದ ಮಾತು.

ಆ ಆರು ವಿಮಾನಗಳು ಎದ್ದದ್ದು ನಮ್ಮದೇ ಜಿಲ್ಲೆಯ ನೆಲದಿಂದ! ಗೋಕಾಕ ಸೀಮೆಯ ಮಮದಾಪುರದಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಸಾಂಬ್ರಾ ಅಂದರೆ ಬೆಂಗಳೂರಿಗೋ ಮುಂಬೈಗೋ ಹೋಗುವವರನ್ನು ಬಿಟ್ಟು ಬರುವ ವಿಮಾನ ನಿಲ್ದಾಣ. ಅಂಕಲಗಿ, ಹುದಲಿ, ಸುಳೇಭಾವಿ ದಾಟಿ ಹೋದರೆ ಸಿಗುವ ಊರು. ಕಾಂಪೌಂಡಿನ ಆಚೆ ಏರ್‌ಫೋರ್ಸಿನ ಹುಡುಗರು ಕವಾಯತು ಮಾಡುವುದು ಕಾಣುತ್ತದೆ, ಅಷ್ಟೆ. ಹಳೆಯ ಯುದ್ಧವಿಮಾನಗಳ ಚಿತ್ರಗಳ ಹುಚ್ಚು ಹತ್ತಿದ ಮೇಲೆ, ಒಂದೊಂದು ಚಿತ್ರದ ಹಿಂದಿನ ಸ್ಕ್ವಾಡ್ರನ್ ಯಾವುದು, ಅದು ಯಾವ ಊರಿನಿಂದ ಹಾರಿತು ಎಂದು ಹುಡುಕುತ್ತ ಹೋದ ಮೇಲೆ, ಒಂದು ದಿನ ಬೆರಳು ಬಂದು ನಿಂತದ್ದು ಸಾಂಬ್ರಾದ ಮೇಲೆ. ಗೋಕಾಕದಿಂದ ಅಲ್ಲಿಗೆ ಹಕ್ಕಿ ಹಾರುವ ದಾರಿ 40 ಕಿ.ಮೀ. ಆಜೂಬಾಜು. ಒಂದು ಯುದ್ಧದ ದಾಳಿ ಇಷ್ಟು ಹತ್ತಿರದಿಂದ ಹೊರಟಿತ್ತೆಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ನನ್ನನ್ನು ಅಲ್ಲಿಗೆ ಕರೆದೊಯ್ದ ಚಿತ್ರ ಹಾಕರ್ ಹಂಟರ್ ವಿಮಾನದ್ದು. ಕಪ್ಪು-ಬಿಳುಪು. ವಿಮಾನಗಳ ಬಗ್ಗೆ ಏನೂ ತಿಳಿಯದವರೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ, ಯಾಕೆಂದರೆ ಅದು ಅಷ್ಟು ಚೆಲುವಾದ ಯಂತ್ರ. ಹಿಂದಕ್ಕೆ ಬಾಗಿದ ರೆಕ್ಕೆ, ಎಲ್ಲಿಯೂ ಮುರಿಯದ ಒಂದೇ ನಯವಾದ ಗೆರೆಯಲ್ಲಿ ಮೂತಿಯಿಂದ ಬಾಲದವರೆಗೆ ಹರಿದ ಮೈ. ಸಿಡ್ನಿ ಕ್ಯಾಮ್ ಎಂಬ ಇಂಗ್ಲಿಷ್ ವಿನ್ಯಾಸಕಾರನ ಕೈಯಲ್ಲಿ ಹುಟ್ಟಿ 1951ರಲ್ಲಿ ಮೊದಲು ಹಾರಿದ ಈ ವಿಮಾನ ಎರಡೇ ವರ್ಷಕ್ಕೆ, 1953ರ ಸೆಪ್ಟೆಂಬರ್‌ನಲ್ಲಿ, ಗಂಟೆಗೆ 1,171 ಕಿ.ಮೀ. ವೇಗ ಮುಟ್ಟಿ ವಿಶ್ವದಾಖಲೆ ಬರೆಯಿತು. ಭಾರತ 1957ರಲ್ಲಿ ಇಂಥ 160 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಹೊಟ್ಟೆಯಡಿ ನಾಲ್ಕು 30 ಮಿ.ಮೀ. ಏಡನ್ ತೋಪುಗಳು, ರೆಕ್ಕೆಯಡಿ ರಾಕೆಟ್‌ಗಳು.

ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮೂತಿಯ ತುತ್ತತುದಿಯಲ್ಲಿ ಒಂದು ಪುಟ್ಟ ಗಾಜಿನ ಕಿಟಕಿ ಇದೆ. ಅದನ್ನು ಮೊದಲ ಸಲ ಗಮನಿಸಿದಾಗ ನನ್ನ ಮೈ ಜುಮ್ಮೆಂದಿತು. ಅದು ಕ್ಯಾಮೆರಾ! ಪೈಲಟ್ ತೋಪಿನ ಗುಂಡಿ ಒತ್ತಿದ ಕೂಡಲೇ ಆ ಕಿಟಕಿಯ ಹಿಂದಿನ 16 ಮಿ.ಮೀ. ರೀಲು ತಾನಾಗಿಯೇ ಓಡಲು ಶುರುವಾಗುತ್ತದೆ. ಗುಂಡು ಹಾರುವಷ್ಟು ಹೊತ್ತು ಫಿಲ್ಮ್ ಓಡುತ್ತದೆ, ಗುಂಡು ನಿಂತರೆ ಅದೂ ನಿಲ್ಲುತ್ತದೆ. ವಿಮಾನ ನೆಲ ಮುಟ್ಟಿದ ಮೇಲೆ ಆ ರೀಲನ್ನು ಬಿಚ್ಚಿ, ಕತ್ತಲ ಕೋಣೆಯಲ್ಲಿ ತೊಳೆದು, ಗೋಡೆಯ ಮೇಲೆ ಬಿಟ್ಟು ನೋಡುತ್ತಾರೆ. ಗುರಿ ತಾಗಿತೋ ಇಲ್ಲವೋ ಎಂಬುದಕ್ಕೆ ಪೈಲಟ್‌ನ ಬಾಯಿಮಾತಿಗಿಂತ ಆ ಕೆಲವು ಸೆಕೆಂಡಿನ ಅಲುಗಾಡುವ ಫಿಲ್ಮೇ ಸಾಕ್ಷಿ. ಕೊಲ್ಲುವ ತೋಪಿಗೂ ನೆನಪಿಡುವ ಕ್ಯಾಮೆರಾಕ್ಕೂ ಒಂದೇ ಗುಂಡಿ!

ಇನ್ನೊಂದು ಜಾತಿಯ ಚಿತ್ರಗಳಿವೆ, ಅವುಗಳ ಕತೆ ಇನ್ನೂ ಸೋಜಿಗದ್ದು. ಎತ್ತರದಲ್ಲಿ ಹಾರುವ ವಿಮಾನದ ಹೊಟ್ಟೆಯಲ್ಲಿ ನೆಲಕ್ಕೆ ಮುಖ ಮಾಡಿ ಕೂತ ದೊಡ್ಡ ಕ್ಯಾಮೆರಾ ಲೆಕ್ಕ ಹಾಕಿದ ಅಂತರದಲ್ಲಿ ಒಂದರ ಹಿಂದೆ ಒಂದು ಚಿತ್ರ ಹೊಡೆಯುತ್ತದೆ. ಪ್ರತಿ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರಬೇಕು. ಆಮೇಲೆ ಅಕ್ಕಪಕ್ಕದ ಎರಡು ಪ್ರಿಂಟುಗಳನ್ನು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಕೆಳಗಿಟ್ಟರೆ ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತದೆ, ಕಟ್ಟಡಕ್ಕೆ ಗೋಡೆ ಬರುತ್ತದೆ, ಹೊಂಡ ಒಳಕ್ಕೆ ಇಳಿಯುತ್ತದೆ. ನೆರಳಿನ ಉದ್ದ ಅಳೆದು ಗೋಪುರದ ಎತ್ತರ ಹೇಳುವವರಿದ್ದರು. ನಮ್ಮ ವಾಯುಪಡೆಯಲ್ಲಿ ಈ ಕೆಲಸಕ್ಕೆಂದೇ 106ನೇ ಸ್ಕ್ವಾಡ್ರನ್ನಿನ ಕ್ಯಾನ್‌ಬೆರಾ ವಿಮಾನಗಳಿದ್ದವು. ಆ ಸ್ಕ್ವಾಡ್ರನ್ನಿನ ಜಗಮೋಹನ ನಾಥ್ ಎರಡು ಬಾರಿ ಮಹಾವೀರ ಚಕ್ರ ಪಡೆದರು. ಶತ್ರುವಿನ ನೆಲದ ಮೇಲೆ ಹಾರಿ ಚಿತ್ರ ತಂದದ್ದೇ ಅವರ ಯುದ್ಧ.

ಈಗ 1961ರ ಡಿಸೆಂಬರಿಗೆ ಬರೋಣ. 1510ರಲ್ಲಿ ಬಿಜಾಪುರದ ಆದಿಲಶಾಹಿಯ ಕೈಯಿಂದ ಅಲ್ಬುಕರ್ಕ್ ಕಿತ್ತುಕೊಂಡ ಗೋವಾ 451 ವರ್ಷ ಪೋರ್ಚುಗೀಸರ ಹಿಡಿತದಲ್ಲಿತ್ತು. ದೇಶ ಸ್ವತಂತ್ರವಾಗಿ 14 ವರ್ಷ ಕಳೆದರೂ ಲಿಸ್ಬನ್ನಿನ ಸರ್ವಾಧಿಕಾರಿ ಸಾಲಜಾರ್ ಮಾತುಕತೆಗೆ ಬಗ್ಗಲಿಲ್ಲ. ಕೊನೆಗೆ ಭಾರತ ಸೇನೆ ನುಗ್ಗಿಸಲು ತೀರ್ಮಾನಿಸಿದಾಗ ಆ ಕಾರ್ಯಾಚರಣೆಯ ಎದೆಬಡಿತ ಇದ್ದದ್ದು ಬೆಳಗಾವಿಯಲ್ಲಿ. ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ತಮ್ಮ ಮುಂಚೂಣಿ ಠಾಣ್ಯವನ್ನು ಇಲ್ಲಿಯೇ ಹೂಡಿದರು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಜನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್, ಅನಮೋಡದಿಂದ ಮೊಲೆಂ ಕಡೆ ಇಳಿಯಬೇಕಿದ್ದ 63ನೇ ಬ್ರಿಗೇಡ್. ಇಡೀ ದೇಶದ ಕಣ್ಣು ನಮ್ಮ ಗಡಿಯ ಮೇಲೆ ನೆಟ್ಟಿತ್ತು. ಆಕಾಶದ ಹೊಣೆ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದು. ಅವರು ಆರಿಸಿಕೊಂಡದ್ದು ಎರಡು ನೆಲೆಗಳನ್ನು: ಪುಣೆ ಮತ್ತು ಸಾಂಬ್ರಾ.

ಸಾಂಬ್ರಾದ ಆ ರನ್‌ವೇ ಕೂಡ ಯುದ್ಧದ ಕೂಸೇ. ಎರಡನೇ ಮಹಾಯುದ್ಧದಲ್ಲಿ, 1942ರ ಸುಮಾರಿಗೆ, ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಸುತ್ತ ಬಯಲು, ಪಶ್ಚಿಮಕ್ಕೆ ಸ್ವಲ್ಪ ಹಾರಿದರೆ ಘಟ್ಟ, ಘಟ್ಟ ಇಳಿದರೆ ಕಡಲು. ಆ ಯುದ್ಧ ಮುಗಿದ ಮೇಲೆ ಬಿಟ್ಟುಹೋದ ಸಾಮಾನುಗಳಿಂದ ನಮ್ಮವರು ಏನೇನು ಪವಾಡ ಮಾಡಿದರು ಎಂಬುದೇ ಬೇರೊಂದು ಪುರಾಣ. ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿ ಬಿಸಾಡಿದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನ ಜಮ್‌ಶೇದ್ ಮುನ್ಷಿ ಒಂದೊಂದಾಗಿ ಹಾರಿಸಿಕೊಂಡು ಬಂದರು. ಎಚ್‌ಎಎಲ್ ಕಾರ್ಮಿಕರು ಅವುಗಳಿಗೆ ಮರುಜೀವ ಕೊಟ್ಟರು. ಅವು 1968ರವರೆಗೂ ನಮ್ಮ ವಾಯುಪಡೆಯಲ್ಲಿ ದುಡಿದವು. ಇವತ್ತು ಇಂಗ್ಲೆಂಡ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಜನ ಬಾಯಿ ತೆರೆದು ನೋಡುವ ಲಿಬರೇಟರ್‌ಗಳಲ್ಲಿ ಕೆಲವು ಬೆಂಗಳೂರಿನ ಆ ಕೈಗಳಿಂದಲೇ ಎದ್ದು ಹೋದವು! ನಾನು ದಾರಿ ತಪ್ಪಿಸುತ್ತಿದ್ದೇನೆ, ಆದರೆ ಈ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ದಾಳಿಗೆ ಮೊದಲು ದೊಡ್ಡ ಪ್ರಶ್ನೆ ಒಂದಿತ್ತು. ಗೋವಾದಲ್ಲಿ ಪೋರ್ಚುಗೀಸರ ಸೇಬರ್ ಜೆಟ್‌ಗಳಿವೆ ಎಂಬ ಸುದ್ದಿ ಹಬ್ಬಿತ್ತು. ಇವೆಯೋ ಇಲ್ಲವೋ? ಡಿಸೆಂಬರ್ 8ರಿಂದಲೇ ನಮ್ಮ ವಿಮಾನಗಳು ಗೋವಾದ ಆಕಾಶದ ಬದಿಯಲ್ಲಿ ಸುಳಿದಾಡಿ ಕೆಣಕತೊಡಗಿದವು, ಇದ್ದರೆ ಎದ್ದು ಬರಲಿ ಎಂದು. ಯಾವ ಸೇಬರೂ ಏಳಲಿಲ್ಲ. ಇದ್ದದ್ದು ಕೆಲವು ಹಳೆಯ ವಿಮಾನವಿರೋಧಿ ತೋಪುಗಳು. 17ರಂದು ಸ್ಕ್ವಾಡ್ರನ್ ಲೀಡರ್ ಐ.ಎಸ್. ಲಾಫ್ರನ್ ದಾಬೋಲಿಂ ವಿಮಾನ ನಿಲ್ದಾಣದ ಮೇಲೆ ಹಾದುಹೋದಾಗ ಅಂಥದ್ದೊಂದು ತೋಪು ಐದು ಗುಂಡು ಹಾರಿಸಿತು. ಲಾಫ್ರನ್ ಸರ್ರನೆ ಕೆಳಗಿಳಿದು ಕಡಲ ಕಡೆ ತಪ್ಪಿಸಿಕೊಂಡರು. ಆಮೇಲೆ ಆ ತೋಪು ಕಂಟ್ರೋಲ್ ಟವರಿನ ಹತ್ತಿರ ಸಿಕ್ಕಿತು, ಒಂದು ಗುಂಡು ನಳಿಗೆಯ ಬುಡದಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಪಿಂಟೊ ಅವರಿಗೆ ಕೊಟ್ಟ ಆದೇಶದ ಒಕ್ಕಣೆ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ದಾಬೋಲಿಂ ರನ್‌ವೇಯನ್ನು ಹಾಳು ಮಾಡಬೇಕು, ಆದರೆ ಟರ್ಮಿನಲ್ ಕಟ್ಟಡಕ್ಕೆ, ಉಳಿದ ಸೌಕರ್ಯಗಳಿಗೆ ಏನೂ ಆಗಬಾರದು. ಬಾಂಬೋಲಿಂ ವೈರ್‌ಲೆಸ್ ಕೇಂದ್ರವನ್ನು ಕೆಡವಬೇಕು. ದಮನ್, ದೀವ್ ನೆಲೆಗಳನ್ನು ಪೋರ್ಚುಗೀಸರು ಬಳಸದಂತೆ ಮಾಡಬೇಕು. ಮುನ್ನಡೆಯುವ ಪದಾತಿಗೆ ಬೆಂಬಲ ಕೊಡಬೇಕು. ಲೇಸರ್ ಇಲ್ಲ, ಉಪಗ್ರಹ ಇಲ್ಲ, ಬಾಂಬಿಗೆ ಬುದ್ಧಿ ಇಲ್ಲ. ಮೇಲಿಂದ ಬಿಟ್ಟರೆ ಗಾಳಿಯ ದಯೆಯಲ್ಲಿ ಬೀಳುವ ಕಬ್ಬಿಣ. ಅದನ್ನು ಹಿಡಿದುಕೊಂಡು ಇದನ್ನು ಹೊಡೆ, ಅದನ್ನು ಬಿಡು ಎಂದರೆ ಏನರ್ಥ! ಮರುದಿನ ನಾವೇ ಬಳಸಬೇಕಾದ ಮನೆ ಅದು ಎಂದು ಗೊತ್ತಿದ್ದವರು ಮಾತ್ರ ಹಾಗೆ ಬರೆಯಬಲ್ಲರು.

18ರ ಬೆಳಗ್ಗೆ ಪುಣೆಯಿಂದ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳತ್ವದಲ್ಲಿ 12 ಕ್ಯಾನ್‌ಬೆರಾಗಳು ಬಂದವು. ಕ್ಯಾನ್‌ಬೆರಾ ಚಿತ್ರವನ್ನು ನೀವು ನೋಡಿರಬಹುದು: ಅಗಲವಾದ ನೇರ ರೆಕ್ಕೆ, ರೆಕ್ಕೆಯೊಳಗೇ ಹುದುಗಿದ ಎರಡು ಜೆಟ್ ಎಂಜಿನ್. ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಬಾಂಬು, ಅಂದರೆ ಸುಮಾರು 28 ಟನ್, ರನ್‌ವೇ ಮೇಲೆ ಸುರಿಯಿತು. ವಿಂಗ್ ಕಮಾಂಡರ್ ಸುರಿಂದರ್ ಸಿಂಗ್ ಮುಂದಾಳತ್ವದಲ್ಲಿ ಮತ್ತೆ ಎಂಟು ಕ್ಯಾನ್‌ಬೆರಾ ಬಂದು ಸುರಿದವು. ಹೊಗೆ ಆರಿದಾಗ ರನ್‌ವೇ ತೂತುಬಿದ್ದು ಕೂತಿತ್ತು. ಟರ್ಮಿನಲ್ ಮಾತ್ರ ಹಾಗೇ ನಿಂತಿತ್ತು. ಅದರ ಮುಂದಿನ ಅಂಗಳದಲ್ಲಿ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು, ಪೋರ್ಚುಗಲ್ಲಿನ ಟಿಎಪಿ ಸಂಸ್ಥೆಯ ಸೂಪರ್ ಕಾನ್‌ಸ್ಟಲೇಷನ್ ಮತ್ತು ಗೋವಾದ ಟಿಎಐಪಿ ಸಂಸ್ಥೆಯ ಡಿಸಿ-4, ಅವೂ ಹಾಗೇ ನಿಂತಿದ್ದವು!

ಬಾಂಬೋಲಿಂ ಪಾಲು ಸಾಂಬ್ರಾದ್ದು. 17ನೇ ಸ್ಕ್ವಾಡ್ರನ್, 'ಗೋಲ್ಡನ್ ಆ್ಯರೋಸ್', ಆರು ಹಂಟರ್‌ಗಳನ್ನು ಎತ್ತಿತು. ಮುಂದಾಳು ಸ್ಕ್ವಾಡ್ರನ್ ಲೀಡರ್ ಜಯವಂತ ಸಿಂಗ್. ಡಿಸೆಂಬರ್ ನಡುವಿನ ಚಳಿಯ ಬೆಳಗು, ನಮ್ಮ ಕಡೆ ಕಬ್ಬು ಕಡಿಯುವ ಹೊತ್ತು. ಆರು ಏವನ್ ಜೆಟ್ ಎಂಜಿನ್‌ಗಳು ಒಟ್ಟಿಗೆ ಗರ್ಜಿಸಿ ಓಡಿ ಬಯಲು ಬಿಟ್ಟೇಳುವ ಸದ್ದು ಸುಳೇಭಾವಿ, ಮಾರಿಹಾಳದ ಹೊಲಗಳಲ್ಲಿ ಹೇಗೆ ಉರುಳಿರಬೇಕು! ಆಮೇಲೆ ಘಟ್ಟ, ಆಮೇಲೆ ಗೋವಾ, ಆಮೇಲೆ ಬಾಂಬೋಲಿಂ ಗುಡ್ಡದ ಮೇಲಿನ ವೈರ್‌ಲೆಸ್ ಕೇಂದ್ರ. ಮೊದಲು ರಾಕೆಟ್, ಮೇಲಿಂದ ತೋಪಿನ ಗುಂಡು. ಕೇಂದ್ರ ಸತ್ತುಹೋಯಿತು. ಹೊರಜಗತ್ತಿನ ಜೊತೆ ಗೋವಾದ ಅಧಿಕಾರಿಗಳು ಮಾತಾಡುತ್ತಿದ್ದ ಬಾಯಿ ಮುಚ್ಚಿತು. ಇವತ್ತು ಬಾಂಬೋಲಿಂ ಅಂದರೆ ನಮ್ಮ ಖಾನಾಪುರ, ಬೆಳಗಾವಿ ಜನಕ್ಕೆ ನೆನಪಾಗುವುದು ಗೋವಾ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ. ಮಗ್ಗುಲಲ್ಲೇ ನಡೆದ ಈ ದಾಳಿ ಎಷ್ಟು ಮಂದಿಗೆ ಗೊತ್ತು?

ಗೋಲ್ಡನ್ ಆ್ಯರೋಸ್ ಎಂಬ ಹೆಸರನ್ನು ಹಿಡಿದು ಇನ್ನೂ ಮುಂದೆ ಹೋದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಮಿಗ್-21 ಹಾರಿಸುತ್ತ ಶಿಖರಗಳ ಚಿತ್ರ ತೆಗೆಯುವ ಹೊಣೆ ಹೊತ್ತದ್ದು ಇದೇ ಸ್ಕ್ವಾಡ್ರನ್. ಮೇ 27ರಂದು ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಪ್ರಾಣ ಕೊಟ್ಟದ್ದು ಇದೇ ಸ್ಕ್ವಾಡ್ರನ್ನಿನಲ್ಲಿದ್ದಾಗ. ಮೊದಲ ರಫೇಲ್‌ಗಳು 2020ರ ಸೆಪ್ಟೆಂಬರ್‌ನಲ್ಲಿ ಅಂಬಾಲಾದಲ್ಲಿ ಸೇರಿದ್ದೂ ಇದೇ ಸ್ಕ್ವಾಡ್ರನ್ನಿಗೆ! ಟಿವಿಯಲ್ಲಿ ರಫೇಲ್ ಬಂತು ಎಂದು ದೇಶವೆಲ್ಲ ಚಪ್ಪಾಳೆ ಹೊಡೆದಾಗ, ಆ ವಿಮಾನಗಳು ಒಂದು ಕಾಲಕ್ಕೆ ನಮ್ಮ ಸಾಂಬ್ರಾದ ರನ್‌ವೇ ಮೇಲೆ ಓಡಿದ ಸ್ಕ್ವಾಡ್ರನ್ನಿನವು ಎಂದು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆ ದಿನದ ಅತಿ ದೊಡ್ಡ ಅಚ್ಚರಿ ಇರುವುದು ರಾತ್ರಿಯಲ್ಲಿ. ದಾಬೋಲಿಂ ಅಂಗಳದಲ್ಲಿ ಉಳಿದ ಆ ಎರಡು ವಿಮಾನಗಳ ಕಡೆ ನೋಡಿ. ಸೂಪರ್ ಕಾನ್‌ಸ್ಟಲೇಷನ್‌ನ ಚಿತ್ರ ಒಮ್ಮೆ ಕಂಡರೆ ಮರೆಯುವಂಥದ್ದಲ್ಲ: ಡಾಲ್ಫಿನ್‌ನ ಹಾಗೆ ಬಳುಕಿದ ಬೆನ್ನು, ಮೂರು ಬಾಲ, ನಾಲ್ಕು ದೈತ್ಯ ಪಿಸ್ಟನ್ ಎಂಜಿನ್, ಒಂದು ರೆಕ್ಕೆಯ ತುದಿಯಿಂದ ಇನ್ನೊಂದಕ್ಕೆ 37 ಮೀಟರಿಗೂ ಹೆಚ್ಚು. ಇಂಥದ್ದು ಎದ್ದೇಳಲು ಉದ್ದವಾದ, ಗಟ್ಟಿಯಾದ ರನ್‌ವೇ ಬೇಕು. ಕತ್ತಲಾದ ಮೇಲೆ ವಿಮಾನ ನಿಲ್ದಾಣದ ಕೆಲಸಗಾರರು ಗುಂಡಿಗಳನ್ನು ಮುಚ್ಚತೊಡಗಿದರು. ರನ್‌ವೇಯ ಒಂದು ತುಂಡು ಮಾತ್ರ ಸರಿಯಾಯಿತು. ಭಾರ ಇಳಿಸಲು ವಿಮಾನದೊಳಗಿನ ಹೆಚ್ಚುವರಿ ಸೀಟುಗಳನ್ನು, ಸಾಮಾನುಗಳನ್ನು ಕಿತ್ತು ಹೊರಗೆ ಹಾಕಿದರು. ಅಧಿಕಾರಿಗಳ, ಸೈನಿಕರ ಹೆಂಡತಿ ಮಕ್ಕಳನ್ನು ಹತ್ತಿಸಿದರು. ಕ್ಯಾಪ್ಟನ್ ಮನುಯೆಲ್ ಕೊರೇಯಾ ರೇಯಿಸ್ ನಾಲ್ಕೂ ಎಂಜಿನ್ ಗುಡುಗಿಸಿ ಬರೀ 700 ಮೀಟರಿನಲ್ಲಿ ವಿಮಾನವನ್ನು ನೆಲ ಬಿಡಿಸಿದ! ರನ್‌ವೇಯ ಚೂರುಕಲ್ಲು ಸಿಡಿದು ಮೈಯಲ್ಲಿ 25 ತೂತು, ಒಂದು ಟೈರು ಢಮಾರ್. ಅದರ ಹಿಂದೆ ಮೇಜರ್ ಸೊಲಾನೊ ದ ಅಲ್ಮೇಡಾ ಡಿಸಿ-4 ಎಬ್ಬಿಸಿದ. ಎರಡೂ ಕಡಲ ಮೇಲೆ ತೀರ ಕೆಳಗೆ ಹಾರಿ, ನಮ್ಮ ಕಾವಲು ವಿಮಾನಗಳ ಕಣ್ಣು ತಪ್ಪಿಸಿ ಕರಾಚಿ ಸೇರಿಕೊಂಡವು.

ಶತ್ರು ತಪ್ಪಿಸಿಕೊಂಡ ಕತೆ ಓದಿ ನಾನು ಖುಷಿಪಟ್ಟೆ, ಇದನ್ನು ಮುಚ್ಚಿಡುವುದೇಕೆ? ಆ ವಿಮಾನದಲ್ಲಿ ಕೂತಿದ್ದವರು ಮಕ್ಕಳು, ತಾಯಂದಿರು. ಬೆಳಗ್ಗೆ ನಮ್ಮ ಕ್ಯಾನ್‌ಬೆರಾ ಪೈಲಟ್‌ಗಳು ಆ ಎರಡು ವಿಮಾನಗಳನ್ನು ಬಿಟ್ಟಿದ್ದರಿಂದ ಅವರು ರಾತ್ರಿ ಮನೆ ದಾರಿ ಹಿಡಿದರು. ಯುದ್ಧದ ಚಿತ್ರ ಸಿಕ್ಕರೆ ನಾವು ಮೊದಲು ಹುಡುಕುವುದು ಹೊಗೆಯನ್ನು, ಬೆಂಕಿಯನ್ನು, ಮುರಿದದ್ದನ್ನು. ದಾಬೋಲಿಂ ಕತೆ ತಿಳಿದ ಮೇಲೆ ನನ್ನ ಕಣ್ಣು ಮೊದಲು ಹೋಗುವುದು ಮುರಿಯದೆ ನಿಂತದ್ದರ ಕಡೆ. ಬಾಂಬಿನ ಹೊಂಡಗಳ ಸಾಲು ಎಲ್ಲಿ ನಿಂತಿತು, ಅದರ ಪಕ್ಕ ಯಾವ ಕಟ್ಟಡದ ಗಾಜು ಒಡೆದಿಲ್ಲ ಎಂದು ನೋಡುತ್ತೇನೆ. ದಾಳಿ ಮಾಡಿದವರ ಮನಸ್ಸು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲವೂ ಇಷ್ಟು ಹದವಾಗಿ ನಡೆಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮದೇ ವ್ಯಾಂಪೈರ್ ವಿಮಾನಗಳೆರಡು ಗುರುತು ತಪ್ಪಿ ನಮ್ಮದೇ ಸಿಖ್ ಲೈಟ್ ಇನ್‌ಫೆಂಟ್ರಿಯ ಮೇಲೆ ರಾಕೆಟ್ ಬಿಟ್ಟವು, ಇಬ್ಬರು ಜವಾನರು ಗಾಯಗೊಂಡರು. ನಮ್ಮ ಪದಾತಿ ನಮ್ಮದೇ ಹಾರ್ವರ್ಡ್ ವಿಮಾನದ ಮೇಲೆ ಗುಂಡು ಹಾರಿಸಿತು. ಆ ಎರಡು ದಿನಗಳ ಹೋರಾಟದಲ್ಲಿ ಭಾರತದ 22 ಮಂದಿ, ಪೋರ್ಚುಗಲ್ಲಿನ 30 ಮಂದಿ ಜೀವ ತೆತ್ತರು. ಗೆದ್ದವರಾದರೂ ಸೋತವರಾದರೂ ಅವರ ಕ್ಯಾಮೆರಾ ಇಂಥ ಸಾವುಗಳ ಕಡೆ ತಿರುಗುವುದು ಕಡಿಮೆ. 19ರಂದು ಸಗತ್ ಸಿಂಗ್ ಅವರ ಪ್ಯಾರಾ ಪಡೆ ಪಣಜಿ ಹೊಕ್ಕಿತು. ಗೆಲ್ಲಿ, ಇಲ್ಲವೇ ಸಾಯಿರಿ ಎಂಬ ಅರ್ಥದ ಆದೇಶ ಸಾಲಜಾರ್‌ನಿಂದ ಬಂದಿತ್ತು. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ ಅಂದು ರಾತ್ರಿ ಶರಣಾಗತಿಗೆ ಸಹಿ ಹಾಕಿದರು. ತಮ್ಮ ಜನರನ್ನು ಉಳಿಸಿದ ತಪ್ಪಿಗೆ ಅವರ ಸೇನಾ ಹುದ್ದೆಯನ್ನು ಕಸಿದುಕೊಂಡರು. ಅದು ಮರಳಿ ಸಿಕ್ಕಿದ್ದು 1974ರಲ್ಲಿ, ಪೋರ್ಚುಗಲ್ಲಿನಲ್ಲಿ ಸರ್ವಾಧಿಕಾರ ಬಿದ್ದ ಮೇಲೆ.

ಕ್ಯಾಮೆರಾ ಬರೀ ಮರಳಿ ಬಂದವರ ಸಾಕ್ಷಿ ಹೇಳುತ್ತದೆ ಎಂಬುದನ್ನು ನೆನೆದಾಗ ನನಗೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಕಣ್ಣ ಮುಂದೆ ಬರುತ್ತಾರೆ. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೀರ್ ವಿಮಾನಗಳಲ್ಲಿ ಅವರದು ಬದಲಿ ಪೈಲಟ್‌ನ ಸ್ಥಾನ, ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕಿತ್ತು. ಅವರು ಹೋದರು. ಮರಳುವ ದಾರಿಯಲ್ಲಿ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಬೆನ್ನಟ್ಟಿದಾಗ ಪೆಟ್ಟು ತಿಂದ ವಿಮಾನದಲ್ಲಿಯೇ ತಿರುಗಿ ನಿಂತು ಅದನ್ನು ಹೊಡೆದು ಕೆಡವಿದರು, ತಾವು ಮರಳಲಿಲ್ಲ. ಅವರ ಮಿಸ್ಟೀರ್‌ನ ಕ್ಯಾಮೆರಾದಲ್ಲಿ ಏನೇ ದಾಖಲಾಗಿರಲಿ, ಅದು ಆದಂಪುರದ ಕತ್ತಲ ಕೋಣೆ ತಲುಪಲಿಲ್ಲ. ಪಾಕಿಸ್ತಾನದ ಕಡೆಯ ಕತೆ ಬರೆದ ಜಾನ್ ಫ್ರಿಕರ್ ಅವರ ಪುಸ್ತಕ 1979ರಲ್ಲಿ ಬಂದ ಮೇಲಷ್ಟೇ ಆ ಕಾದಾಟದ ಸುಳಿವು ಸಿಕ್ಕಿತು. ಅಂದಿನ ಸ್ಕ್ವಾಡ್ರನ್ ಮುಖ್ಯಸ್ಥ ಒ.ಪಿ. ತನೇಜಾ ಬೆನ್ನು ಹತ್ತಿದರು. ಮಹಾವೀರ ಚಕ್ರ ದೇವಯ್ಯನವರ ಹೆಸರಿಗೆ ಬಂದಾಗ 1988 ಆಗಿತ್ತು. ಒಂದು ರೀಲು ಮನೆಗೆ ಬರದಿದ್ದರೆ 23 ವರ್ಷ!

ಮತ್ತೆ ಗೋವಾಕ್ಕೆ, ಯಾಕೆಂದರೆ ಇನ್ನೊಂದು ಸೋಜಿಗ ಉಳಿದಿದೆ. ಹಂಟರ್‌ಗಳು ಬಾಂಬೋಲಿಂನಲ್ಲಿ ಒಂದು ವೈರ್‌ಲೆಸ್ ಬಾಯಿ ಮುಚ್ಚಿಸಿದವಲ್ಲ, ಅದಕ್ಕೂ ಮೊದಲಿನಿಂದಲೇ ನಮ್ಮ ಕಾಡಿನಿಂದ ಇನ್ನೊಂದು ರೇಡಿಯೋ ಮಾತಾಡುತ್ತಿತ್ತು. 1955ರ ನವೆಂಬರ್‌ನಿಂದ 'ವಾಯ್ಸ್ ಆಫ್ ಫ್ರೀಡಂ' ಎಂಬ ಗುಪ್ತ ರೇಡಿಯೋವನ್ನು ವಾಮನ ಸರದೇಸಾಯಿ, ಲಿಬಿಯಾ ಲೋಬೊ ಎಂಬ ತರುಣ ತರುಣಿ ನಡೆಸುತ್ತಿದ್ದರು. ಮೊದಲು ಅಂಬೋಲಿ ಘಾಟಿನ ಕಾಡು, ಆಮೇಲೆ ನಮ್ಮ ಕ್ಯಾಸಲ್‌ರಾಕ್. ಹಾವು, ಜಿಗಣೆ, ಹುಚ್ಚು ಮಳೆಯ ನಡುವೆ ಅವರು ಕೊಂಕಣಿ, ಪೋರ್ಚುಗೀಸ್ ಭಾಷೆಗಳಲ್ಲಿ ಗೋವಾದ ಜನಕ್ಕೆ ಸುದ್ದಿ ಮುಟ್ಟಿಸಿದರು. ಲಿಸ್ಬನ್ ಹೇಳಿದ ಸುಳ್ಳಿಗೆ ದಿನದಿನವೂ ಉತ್ತರ ಕೊಟ್ಟರು. ಹೀಗೆ ಆರು ವರ್ಷ! ನಾವು ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಮಂಜು ನೋಡಿ, ದೂಧಸಾಗರ ಯಾವಾಗ ಬರುತ್ತದೆ ಎಂದು ಕಾಯುತ್ತೇವೆ. ಆ ಮಂಜಿನೊಳಗೆ ಒಂದು ದೇಶದ ಮೈಕು ಅಡಗಿತ್ತು.

ಪೋರ್ಚುಗೀಸರು ಶರಣಾದ ಮೇಲೆ ವಾಯುಪಡೆಯ ವಿಮಾನವೊಂದಕ್ಕೆ ಟ್ರಾನ್ಸ್‌ಮೀಟರು, ಧ್ವನಿವರ್ಧಕ ಕಟ್ಟಿದರು. ವಾಮನ, ಲಿಬಿಯಾ ಇಬ್ಬರೂ ಅದನ್ನು ಹತ್ತಿದರು. ಮೊನ್ನೆಯಷ್ಟೇ ಬಾಂಬು ಬಿದ್ದಿದ್ದ ಅದೇ ಆಕಾಶದಿಂದ ಕರಪತ್ರಗಳು ಉದುರಿದವು. ಗೋವಾ ಬಿಡುಗಡೆಯಾಯಿತು ಎಂದು ಆಕೆಯ ದನಿ ತೆಂಗಿನ ತೋಟಗಳ ಮೇಲೆ, ಇಗರ್ಜಿಗಳ ಮೇಲೆ, ಗದ್ದೆಗಳ ಮೇಲೆ ಕೇಳಿಸಿತು. ಆರು ವರ್ಷ ಕಾಡಿನಲ್ಲಿ ಮುಖ ತೋರಿಸದೆ ಮಾತಾಡಿದ ಹೆಣ್ಣುಮಗಳು ಅಂದು ತನ್ನ ನಾಡಿನ ನೆತ್ತಿಯ ಮೇಲೆ ಹಾರುತ್ತ ಮಾತಾಡಿದಳು! ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ ನೂರು ವರ್ಷ.

ಇದನ್ನೆಲ್ಲ ಕಣ್ಣಾರೆ ಕಾಣಲು ದೂರ ಹೋಗಬೇಕಿಲ್ಲ. ಗೋವಾಕ್ಕೆ ಸಮುದ್ರ ನೋಡಲು ಹೋದವರು ಬೋಗ್ಮಾಲೊದಲ್ಲಿರುವ ನೌಕಾ ವಿಮಾನ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಕೊಡಲಿ. ದಾಬೋಲಿಂ ರನ್‌ವೇಯ ಮಗ್ಗುಲಲ್ಲೇ ಇದೆ. ಅಂಗಳದಲ್ಲಿ ನಿಂತಿದೆ ಒಂದು ಸೂಪರ್ ಕಾನ್‌ಸ್ಟಲೇಷನ್! ಆ ರಾತ್ರಿ ಓಡಿಹೋದದ್ದಲ್ಲ, ಏರ್ ಇಂಡಿಯಾದಲ್ಲಿದ್ದು ಆಮೇಲೆ ನೌಕಾಪಡೆಗೆ ದುಡಿದದ್ದು. ಆದರೆ ಅದೇ ಜಾತಿ, ಅದೇ ಬಳುಕು, ಅದೇ ಮೂರು ಬಾಲ. ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿ, ಆಮೇಲೆ 700 ಮೀಟರ್ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ, ಎದೆ ಡವಗುಡದಿದ್ದರೆ ಕೇಳಿ. ದೆಹಲಿಗೆ ಹೋದವರಿಗೆ ಪಾಲಂನಲ್ಲಿ ವಾಯುಪಡೆಯ ಸಂಗ್ರಹಾಲಯವಿದೆ. ಹಂಟರ್, ಕ್ಯಾನ್‌ಬೆರಾ, ಮಿಸ್ಟೀರ್, ಬೆಂಗಳೂರಿನಲ್ಲಿ ಮರುಜೀವ ಪಡೆದ ಪೈಕಿಯ ಲಿಬರೇಟರ್, ಎಲ್ಲವೂ ಒಂದೇ ಸೂರಿನ ಆಸುಪಾಸು.

ಸಾಂಬ್ರಾದಲ್ಲಿ ಮಾತ್ರ ಈ ಕತೆ ಹೇಳುವ ಒಂದು ಗೋಡೆ ನನಗೆ ಬೇಕು. ಪ್ರಯಾಣಿಕರು ಬೋರ್ಡಿಂಗ್‌ಗೆ ಕಾಯುವ ಹಾಲಿನಲ್ಲಿ ಒಂದು ಹಂಟರ್ ಚಿತ್ರ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: ದಿನಾಂಕ, ಸ್ಕ್ವಾಡ್ರನ್, ಗುರಿ, ಜಯವಂತ ಸಿಂಗ್ ಅವರ ಹೆಸರು. ಅದರ ಪಕ್ಕದಲ್ಲಿ ಕ್ಯಾಸಲ್‌ರಾಕ್ ರೇಡಿಯೋದ ಇಬ್ಬರ ಚಿತ್ರ. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದಿಷ್ಟು ನಮ್ಮ ಮನೆಗಳ ಟ್ರಂಕುಗಳಲ್ಲೇ ಇದ್ದೀತೆಂದು ನನ್ನ ಗುಮಾನಿ. ಬೆಳಗಾವಿ ಕ್ಯಾಂಪಿನಲ್ಲಿ ಅಂದು ಕೆಲಸ ಮಾಡಿದವರು, ಸಾಂಬ್ರಾದಲ್ಲಿ ಅಡುಗೆ ಮಾಡಿದವರು, ರನ್‌ವೇಗೆ ಕಲ್ಲು ಹೊತ್ತವರು, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಪಲ್ಟಣಿಗೆ ಸೇರಿದವರು, ಅಂಥವರ ಮನೆಯಲ್ಲಿ ಸ್ಟುಡಿಯೋದ ಮುದ್ರೆ ಬಿದ್ದ ಕಪ್ಪು-ಬಿಳುಪು ಚಿತ್ರಗಳಿದ್ದಾವು. ಇದ್ದರೆ ದಯವಿಟ್ಟು ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಚಿತ್ರದಲ್ಲಿ ಯಾರಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ, ಹಿಂಬದಿಯ ಅಂಚಿನಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಹಿಂದೆ ದೂರದಲ್ಲಿ ಬಾಗಿದ ರೆಕ್ಕೆಯ ವಿಮಾನವೊಂದರ ತುದಿ ಕಂಡರಂತೂ, ಅದರ ಮೂತಿಯಲ್ಲಿ ಗಾಜಿನ ಕಿಟಕಿ ಇದೆಯೇ ಎಂದು ಮಸೂರ ಹಿಡಿದು ನೋಡಿ.